ಸತ್ತ ಹಕ್ಕಿಗಳನ್ನು ಎಣಿಸಿದರೆ ಲೆಕ್ಕ ಮುಗಿಯುವುದೆ?

ಸಮುದ್ರದಲ್ಲಿ ತೈಲ ಸೋರಿದಾಗಲೆಲ್ಲ ಕಪ್ಪಾಗಿ ಬಿದ್ದ ಹಕ್ಕಿಯ ಚಿತ್ರ ಪತ್ರಿಕೆಗಳಲ್ಲಿ ಅಚ್ಚಾಗುತ್ತದೆ. ತಿಂಗಳು ಕಳೆಯುವಷ್ಟರಲ್ಲಿ ಅದು ಮರೆತುಹೋಗುತ್ತದೆ. ತೈಲ ಕಂಪನಿಗಳಿಗೆ ಬೇಕಾದುದೂ ಅದೇ.

1989ರ ಮಾರ್ಚ್ 24ರಂದು ಅಲಾಸ್ಕಾದ ಪ್ರಿನ್ಸ್ ವಿಲಿಯಂ ಸೌಂಡ್ ಎಂಬ ಕೊಲ್ಲಿಯಲ್ಲಿ ಎಕ್ಸಾನ್ ವಾಲ್ಡೆಜ್ ಹಡಗು ಬಂಡೆಸಾಲಿಗೆ ಅಪ್ಪಳಿಸಿದ್ದರಿಂದ ಸುಮಾರು 4 ಕೋಟಿ ಲೀಟರ್ ಕಚ್ಚಾತೈಲ ಕಡಲ ಪಾಲಾಯಿತು. ಎರಡೂವರೆ ಲಕ್ಷ ಕಡಲಹಕ್ಕಿಗಳು ಸತ್ತಿರಬಹುದೆಂಬುದು ಅಂದಾಜು. ಕೆಲವೇ ವರ್ಷಗಳಲ್ಲಿ, ಕಂಪನಿಯ ಹಣದಿಂದ ನಡೆದ ಅಧ್ಯಯನಗಳು ಕೊಲ್ಲಿ ಬಹುಮಟ್ಟಿಗೆ ಚೇತರಿಸಿಕೊಂಡಿತೆಂದು ಸಾರಿದವು. ಹಾರ್ಲೆಕ್ವಿನ್ ಬಾತುಗಳ ಸಾಕ್ಷ್ಯ ಬೇರೆಯೇ ಆಗಿತ್ತು.

ಈ ಪುಟ್ಟ ಕಡಲಬಾತಿನ ಬಾಳುವೆ ಬೆಟ್ಟದ ಜನರಿಗೆ ತೀರ ಅಪರಿಚಿತವೆನಿಸದು. ಬೇಸಿಗೆಯಲ್ಲಿ ಭೋರ್ಗರೆಯುವ ಬೆಟ್ಟದ ತೊರೆಗಳ ದಡದಲ್ಲಿ ಮರಿಮಾಡಿ, ಚಳಿಗಾಲಕ್ಕೆ ಅದು ಕಡಲಂಚಿಗೆ ಇಳಿಯುತ್ತದೆ. ವರ್ಷ ವರ್ಷವೂ ಬಹುಪಾಲು ಅದೇ ದಡಕ್ಕೆ. ಉಬ್ಬರವಿಳಿತದ ನಡುವಣ ಕಲ್ಲುಗಳಿಗಂಟಿದ ಚಿಪ್ಪುಜೀವಿಗಳೇ ಅದರ ಆಹಾರ. ದೇಹ ಚಿಕ್ಕದು, ಚಳಿ ಘೋರ. ಹಗಲಿನ ಬಹುಭಾಗ ಮೇಯದಿದ್ದರೆ ಉಳಿಗಾಲವಿಲ್ಲ. ತೈಲ ಅಡಗಿ ಕುಳಿತಿದ್ದುದೂ ಆ ಕಲ್ಲುಗಳ ಅಡಿಯಲ್ಲೇ. 2001ರಲ್ಲಿ ಸರ್ಕಾರಿ ವಿಜ್ಞಾನಿಗಳು 91 ದಡಗಳನ್ನು ಅಗೆದು ನೋಡಿದಾಗ ಅರ್ಧಕ್ಕಿಂತ ಹೆಚ್ಚಿನವುಗಳಲ್ಲಿ ತೈಲವಿತ್ತು.

1995ರಿಂದ 1998ರವರೆಗಿನ ಚಳಿಗಾಲಗಳಲ್ಲಿ, ತೈಲ ತಾಗದ ಕಡೆ ನೂರು ಹೆಣ್ಣುಬಾತುಗಳಲ್ಲಿ ಸುಮಾರು 84 ಬದುಕುಳಿದರೆ ತಾಗಿದ ಕಡೆ ಉಳಿದದ್ದು 78. ಅಂತರ ಅಲ್ಪವೆಂದು ತೋರಬಹುದು. ಆದರೆ ಇದು ಹೆಚ್ಚು ಮರಿಗಳನ್ನು ಬೆಳೆಸದ, ದೀರ್ಘಾಯುವಾದ ಹಕ್ಕಿ; ತಾಯಿಹಕ್ಕಿಗಳ ನಷ್ಟ ಬೇಗ ತುಂಬದು. 20 ವರ್ಷಗಳ ಅನಂತರವೂ ಈ ಬಾತುಗಳ ಯಕೃತ್ತಿನಲ್ಲಿ, ತೈಲದ ವಿಷ ಹೊಕ್ಕಾಗ ಹೆಚ್ಚುವ ಕಿಣ್ವ ಏರಿದ ಮಟ್ಟದಲ್ಲೇ ಇತ್ತು. ಸಂಖ್ಯೆ ಮೊದಲಿನಂತಾಗಲು 24 ವರ್ಷಗಳು ಬೇಕೆಂದು ಗಣಿಸಿದ ಸಂಶೋಧಕರು, ದುರಂತದ ಬೆನ್ನಿಗೇ ಸತ್ತವುಗಳಿಗಿಂತ ಅನಂತರ ಸದ್ದಿಲ್ಲದೆ ಸತ್ತವೇ ಹೆಚ್ಚಿರಬಹುದೆಂದರು. ಆ ಸಾವುಗಳ ಚಿತ್ರವನ್ನು ತೆಗೆದವರಾರು?

1991ರ ಒಪ್ಪಂದದಲ್ಲಿ, ಅಂದು ಊಹಿಸಲಾಗದ ಹಾನಿ ಮುಂದೆ ಕಂಡುಬಂದರೆ ಹೆಚ್ಚುವರಿ ಹಣ ಕೇಳುವ ಅವಕಾಶವಿತ್ತು. 2006ರಲ್ಲಿ ಅಮೆರಿಕ ಮತ್ತು ಅಲಾಸ್ಕಾ ಸರ್ಕಾರಗಳು 9.2 ಕೋಟಿ ಡಾಲರ್ ಕೇಳಿದವು, ಕಂಪನಿ ಕೊಡಲಿಲ್ಲ. 2015ರಲ್ಲಿ, ಬಾತುಗಳೂ ನೀರುನಾಯಿಗಳೂ ಚೇತರಿಸಿಕೊಂಡಿವೆ ಎಂದು ಹೇಳಿ ಸರ್ಕಾರಗಳೇ ಬೇಡಿಕೆಯನ್ನು ಕೈಬಿಟ್ಟವು. ರೋಗಿ ತಾನಾಗಿ ಏಳುವವರೆಗೆ ಕಾದು, ಎದ್ದನೆಂದು ಔಷಧದ ಹಣವನ್ನು ಮನ್ನಾ ಮಾಡುವ ಈ ನ್ಯಾಯ ವಿಚಿತ್ರವಾದುದು. ಕೆಲವು ದಡಗಳ ಅಡಿಯಲ್ಲಿ ತೈಲ ಆಗಲೂ ಉಳಿದೇ ಇತ್ತು.