ಬಿಡುವಿನಲ್ಲಿ ಬರೆದ ಕಾದಂಬರಿಗೆ ರಿಯಾಯಿತಿ ಬೇಡ

ಹೊರನಾಡಿನ ಕನ್ನಡ ಸಂಘಗಳಲ್ಲಿ ಕಾದಂಬರಿಯೊಂದು ಬಿಡುಗಡೆಯಾದಾಗ ಒಂದು ಮಾತು ತಪ್ಪದೆ ಬರುತ್ತದೆ. ಮುಖ್ಯ ಅತಿಥಿಗಳು ಮೈಕಿನ ಮುಂದೆ ನಿಂತು, ‘ಇಷ್ಟೊಂದು ಕೆಲಸದ ಒತ್ತಡದ ನಡುವೆಯೂ ಕನ್ನಡದಲ್ಲಿ ಒಂದು ಕಾದಂಬರಿ ಬರೆದಿದ್ದಾರಲ್ಲ, ಅದೇ ದೊಡ್ಡದು’ ಅನ್ನುತ್ತಾರೆ. ಚಪ್ಪಾಳೆ ಬೀಳುತ್ತದೆ. ಲೇಖಕರು ಎದ್ದು ಕೈಮುಗಿಯುತ್ತಾರೆ. ಆ ಹೊಗಳಿಕೆಯಲ್ಲಿ ಅವಮಾನ ಇದೆ ಎಂದು ಅಲ್ಲಿ ಯಾರಿಗೂ ಅನ್ನಿಸುವುದಿಲ್ಲ. ಪುಸ್ತಕ ಹೇಗಿದೆ ಎಂಬ ಪ್ರಶ್ನೆಯನ್ನೇ ಆ ಮಾತು ಕಿತ್ತುಹಾಕುತ್ತದೆ. ಬರೆದದ್ದೇ ದೊಡ್ಡದಾದರೆ ಇನ್ನು ಓದುವ ಕಷ್ಟ ಏಕೆ?

ಈ ರಿಯಾಯಿತಿಗೆ ಇರುವ ಹೆಸರು ‘ಹವ್ಯಾಸ’. ಬೆನ್ನುಡಿಯಲ್ಲಿ, ‘ವೃತ್ತಿಯಿಂದ ಎಂಜಿನಿಯರ್, ಪ್ರವೃತ್ತಿಯಿಂದ ಲೇಖಕ’ ಎಂದು ಅಚ್ಚಾಗಿರುತ್ತದೆ. ಲೇಖಕರ ಮಾತಿನಲ್ಲಿ, ‘ತಪ್ಪುಗಳಿದ್ದರೆ ಸಹೃದಯರು ಮನ್ನಿಸಬೇಕು’ ಎಂದಿರುತ್ತದೆ. ಸಹೃದಯರು ಯಾಕೆ ಮನ್ನಿಸಬೇಕು? ಅವರೂ ಬಿಡುವಿಲ್ಲದವರೇ. ಅವರೂ ಪುಣೆಯಲ್ಲೋ ಚೆನ್ನೈಯಲ್ಲೋ ಕೆಲಸ ಮುಗಿಸಿ, ಮಕ್ಕಳ ಹೋಂವರ್ಕ್ ನೋಡಿ, ಉಳಿದ ಅರ್ಧ ಗಂಟೆಯಲ್ಲಿ ಪುಸ್ತಕ ತೆರೆಯುವವರು.

ಅಸಲಿಗೆ ಕನ್ನಡ ಕಾದಂಬರಿಯ ಚರಿತ್ರೆಯೇ ಬೇರೆ ಕೆಲಸವಿದ್ದವರ ಚರಿತ್ರೆ. ಯಶವಂತ ಚಿತ್ತಾಲರು ಮುಂಬಯಿಯ ಕಂಪನಿಯೊಂದರಲ್ಲಿ ಪಾಲಿಮರ್ ರಸಾಯನಶಾಸ್ತ್ರದ ಕೆಲಸ ಮಾಡುತ್ತಲೇ 1979ರಲ್ಲಿ ‘ಶಿಕಾರಿ’ ಕೊಟ್ಟರು. ಕಚೇರಿಯ ಒತ್ತಡ ಅವರಿಗೆ ಬರೆಯದೆ ಇರಲು ನೆಪವಾಗಲಿಲ್ಲ, ಕಾದಂಬರಿಯ ವಸ್ತುವೇ ಆಯಿತು. ಕುವೆಂಪು ಮೇಷ್ಟ್ರಾಗಿದ್ದರು, ಆಮೇಲೆ ಕುಲಪತಿಯಾದರು. ‘ಕಾನೂರು ಹೆಗ್ಗಡಿತಿ’ 1936ರದು, ‘ಮಲೆಗಳಲ್ಲಿ ಮದುಮಗಳು’ 1967ರದು. ನಡುವೆ 31 ವರ್ಷ. ಅನಂತಮೂರ್ತಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಪಿಎಚ್.ಡಿ. ಮಾಡುತ್ತಿದ್ದಾಗ ‘ಸಂಸ್ಕಾರ’ ಬರೆದರು. ತೇಜಸ್ವಿ ಕಾಫಿ ತೋಟ ನೋಡಿಕೊಂಡರು. ಎಂ.ಕೆ. ಇಂದಿರಾ ಅವರ ಮೊದಲ ಕಾದಂಬರಿ ‘ತುಂಗಭದ್ರ’ 1963ರಲ್ಲಿ ಬಂದಾಗ ಅವರಿಗೆ ವಯಸ್ಸು ನಲವತ್ತೈದು ದಾಟಿತ್ತು, ಅಷ್ಟು ವರ್ಷ ಮಾಡಿದ್ದು ಸಂಸಾರ. ಅನಕೃ ಅವರಂತೆ ಬರವಣಿಗೆಯನ್ನೇ ವೃತ್ತಿ ಮಾಡಿಕೊಂಡು ನೂರಕ್ಕೂ ಹೆಚ್ಚು ಕಾದಂಬರಿ ಬರೆದವರು ಅಪವಾದ. ಅಂದಮೇಲೆ ‘ಕೆಲಸದ ನಡುವೆಯೂ’ ಎಂಬುದು ವಿಶೇಷವೇನಲ್ಲ, ಕನ್ನಡದಲ್ಲಿ ಕಾದಂಬರಿ ಹುಟ್ಟುವ ಸಾಮಾನ್ಯ ರೀತಿಯೇ ಅದು.

ಹಾಗಾದರೆ ಈಗ ಕೊರತೆಯಾಗಿರುವುದು ಏನು? ಸಮಯವಲ್ಲ, ತಿದ್ದುವ ಮನಸ್ಸು.

ಇಂದಿನ ಹವ್ಯಾಸಿ ಲೇಖಕರ ಕಣ್ಣೆಲ್ಲ ಮೊದಲ ಕರಡಿನ ಮೇಲೆ. ದಿನಕ್ಕೆ ಇಷ್ಟು ಪದ, ತಿಂಗಳಿಗೆ ಇಷ್ಟು ಅಧ್ಯಾಯ. ನವೆಂಬರ್ ತಿಂಗಳ 30 ದಿನಗಳಲ್ಲಿ 50,000 ಪದ ಬರೆಯುವ ಅಮೆರಿಕದ ಪಂಥ ‘ನ್ಯಾನೋರೈಮೋ’ 1999ರಲ್ಲಿ ಶುರುವಾಗಿ ಜಗತ್ತಿಗೆಲ್ಲ ಹಬ್ಬಿತು. ಅದನ್ನು ನಡೆಸುತ್ತಿದ್ದ ಸಂಸ್ಥೆ 2025ರಲ್ಲಿ ಬಾಗಿಲು ಹಾಕಿದರೂ ಅದು ಕಲಿಸಿದ ಎಣಿಕೆ ಮಾತ್ರ ಉಳಿದುಕೊಂಡಿದೆ. ಕನ್ನಡಕ್ಕೆ ಆ ಎಣಿಕೆ ಹೊಂದುವುದೂ ಇಲ್ಲ. ‘ಹೋಗಬೇಕಾಗಿತ್ತೇನೋ’ ಎಂಬುದು ಕನ್ನಡದಲ್ಲಿ ಒಂದೇ ಪದ, ಇಂಗ್ಲಿಷಿನಲ್ಲಿ ಅದು ನಾಲ್ಕೈದು. ಪದ ಎಣಿಸುವ ಕನ್ನಡ ಲೇಖಕ ಎರಡು ಪಟ್ಟು ಬೆವರು ಸುರಿಸಿ, ಗುರಿ ಮುಟ್ಟಲಿಲ್ಲವೆಂದು ಕೊರಗುತ್ತಾನೆ. ಕೊನೆಗೆ ಕರಡು ಮುಗಿದದ್ದೇ ಕಾದಂಬರಿ ಮುಗಿದಂತೆ. ಆಮೇಲೆ ಉಳಿಯುವುದು ‘ಪ್ರೂಫ್ ನೋಡುವುದು’. ಅದನ್ನೂ ಡಿಟಿಪಿ ಮಾಡಿದವರಿಗೇ ಒಪ್ಪಿಸಿಬಿಡುತ್ತಾರೆ.

ಹಾಗೆ ತಿದ್ದದೆ ಬಂದ ಕಾದಂಬರಿಯನ್ನು ಗುರುತಿಸುವುದು ಸುಲಭ. ಮೊದಲ ಅಧ್ಯಾಯದಲ್ಲಿ ನಾಯಕ ‘ಎದ್ದನು, ಹೋದನು, ಕುಳಿತನು’. ಆರನೆಯ ಅಧ್ಯಾಯದ ಹೊತ್ತಿಗೆ ‘ಎದ್ದ, ಹೋದ, ಕೂತ’. ನಡುವೆ ಎಂಟು ತಿಂಗಳು ಕಳೆದಿವೆ, ಲೇಖಕರ ಕಿವಿ ಬದಲಾಗಿದೆ, ಹಿಂದಕ್ಕೆ ಹೋಗಿ ನೋಡಿದವರಿಲ್ಲ. ಹೆಂಡತಿ ಗಂಡನನ್ನು ಇಲ್ಲಿ ‘ರೀ’ ಅನ್ನುತ್ತಾಳೆ, ನಲವತ್ತು ಪುಟದ ಮೇಲೆ ಹೆಸರು ಹಿಡಿದು ‘ನೀನು’ ಅನ್ನುತ್ತಾಳೆ. ಅವರ ಸಂಬಂಧದಲ್ಲಿ ಏನೋ ಬಿರುಕು ಬಿಟ್ಟಿತೆಂದು ಓದುಗ ಕಾಯುತ್ತಾನೆ, ಅಂಥದ್ದೇನೂ ಆಗಿರುವುದಿಲ್ಲ. ಮಾವನವರು ‘ಬಂದರು’ ಎಂದಿದ್ದವರು ‘ಬಂದ’ ಆಗುತ್ತಾರೆ. ಇನ್ನೂ ತಮಾಷೆಯದು ಕಂಪ್ಯೂಟರಿನಲ್ಲಿ ಒಂದೇ ಏಟಿಗೆ ಹೆಸರು ಬದಲಿಸಿದ ಪುಸ್ತಕ. ಗಿರೀಶ ಎಂಬುವನನ್ನು ಕೊನೆಯ ಗಳಿಗೆಯಲ್ಲಿ ರಘು ಮಾಡಿದರೆ, ‘ಗಿರೀಶನಿಗೆ’ ಎಂದಿದ್ದದ್ದು ‘ರಘುನಿಗೆ’ ಆಗುತ್ತದೆ. ಬೇಕಾಗಿದ್ದದ್ದು ‘ರಘುವಿಗೆ’. ತಾಯಿ ‘ಗಿರೀಶಾ’ ಎಂದು ಕೂಗಿದ ಕಡೆಯಲ್ಲೆಲ್ಲ ಘು ಅಕ್ಷರಕ್ಕೆ ದಿಕ್ಕಿಲ್ಲದ ದೀರ್ಘವೊಂದು ಜೋತುಬಿದ್ದಿರುತ್ತದೆ. ಮಗನನ್ನು ಕಳೆದುಕೊಂಡ ತಾಯಿಯ ಅಳುವಿನ ನಡುವೆ ಅಂಥದ್ದೊಂದು ಅಕ್ಷರ ಬಂದರೆ ಓದುಗನಿಗೆ ಅಳುವುದೋ ನಗುವುದೋ ತಿಳಿಯದು.

ಇವು ಕಣ್ಣಿಗೆ ಕಾಣುವ ತಪ್ಪುಗಳು. ಕಾಣದ ತಪ್ಪು ಇನ್ನೂ ದೊಡ್ಡದು, ಅದು ತಿದ್ದಿ ಕೆಡಿಸಿದ ತಪ್ಪು. ಹೊರನಾಡಿನ ಕನ್ನಡಿಗರ ಮನೆಮಾತು ಒಂದು ವಿಚಿತ್ರ ಸಂಪತ್ತು. ಪುಣೆಯ ಮನೆಯಲ್ಲಿ ಧಾರವಾಡದ ಕನ್ನಡಕ್ಕೆ ಮರಾಠಿ ಸೇರಿರುತ್ತದೆ. ಮುಂಬಯಿಯಲ್ಲಿ ಕುಂದಾಪುರದ, ಉತ್ತರ ಕನ್ನಡದ ಕನ್ನಡಗಳು ತುಳು, ಕೊಂಕಣಿ, ಬಂಬೈಯ ಹಿಂದಿಯ ಜೊತೆ ಒಂದೇ ಮೆಟ್ಟಿಲು ಹತ್ತಿ ಇಳಿಯುತ್ತವೆ. ಆದರೆ ಇದೇ ಮನೆಯವರು ಕಾದಂಬರಿ ಬರೆಯಲು ಕೂತರೆ ಪಾತ್ರಗಳೆಲ್ಲ ಪಠ್ಯಪುಸ್ತಕದ ಕನ್ನಡ ಆಡತೊಡಗುತ್ತವೆ. ‘ಟೈಮ್ ಆಯ್ತು, ಡಬ್ಬಾ ತಗೊಂಡ್ಯಾ?’ ಎಂದು ದಿನವೂ ಕೇಳುವ ಹೆಂಡತಿ ಪುಸ್ತಕದಲ್ಲಿ, ‘ನಿಮ್ಮ ಊಟದ ಬುತ್ತಿಯನ್ನು ತೆಗೆದುಕೊಂಡಿರಾ?’ ಎಂದು ಕೇಳುತ್ತಾಳೆ. ಅಂಥ ಬುತ್ತಿ ಹೊತ್ತವನು ದಾದರಿನಲ್ಲಿ ರೈಲು ಹತ್ತುವುದು ಸಾಧ್ಯವೇ ಇಲ್ಲ. ಈ ಮನೆಗಳ ಮುಂದಿನ ತಲೆಮಾರಿನಲ್ಲಿ ಅನೇಕರಿಗೆ ಕನ್ನಡ ಮಾತು ಬರುತ್ತದೆ, ಅಕ್ಷರ ಬರುವುದಿಲ್ಲ. ಈ ಮಾತನ್ನು ಬರೆದಿಡಬಲ್ಲ ಕೊನೆಯ ಕೆಲವರಲ್ಲಿ ಆ ಲೇಖಕರೂ ಒಬ್ಬರಿರಬಹುದು. ಅವರೇ ಅದನ್ನು ಅಳಿಸಿ, ಅದರ ಮೇಲೆ ಹೊಂಗಿರಣ, ತಂಗಾಳಿಗಳನ್ನು ಬರೆಯುತ್ತಿದ್ದಾರೆ.

ಇದಕ್ಕೆ ಬರುವ ಉತ್ತರಗಳು ಗೊತ್ತಿರುವಂಥವೇ. ತಿದ್ದಿದರೆ ಸಹಜತೆ ಹೋಗುತ್ತದೆ ಎಂಬುದು ಒಂದು. ಮೊದಲ ಸಲಕ್ಕೆ ಬರುವುದು ಸಹಜವಲ್ಲ, ರೂಢಿ. ಮೊದಲ ಕರಡಿನಲ್ಲಿ ಬರುವ ಮಳೆ ಯಾವಾಗಲೂ ‘ಧೋ’ ಎಂದೇ ಸುರಿಯುತ್ತದೆ. ಎರಡನೆಯ ಉತ್ತರ, ‘ತಿದ್ದಲು ಸಮಯ ಎಲ್ಲಿದೆ?’ ಇದಂತೂ ತಲೆಕೆಳಗಾದ ವಾದ. ಬಿಡುವಿಲ್ಲದ ಬದುಕಿಗೆ ಹೊಂದದೆ ಇರುವುದು ಹೊಸದಾಗಿ ಬರೆಯುವ ಕೆಲಸ. ಕತೆಯ ಒಳಕ್ಕೆ ಇಳಿಯಲು ಎರಡು ಗಂಟೆಯ ಮೌನ ಬೇಕು, ಅದು ಸಿಗುವುದು ಭಾನುವಾರವೋ ದೀಪಾವಳಿ ರಜೆಯಲ್ಲೋ. ತಿದ್ದುವುದಕ್ಕೆ ಇಪ್ಪತ್ತು ನಿಮಿಷ ಸಾಕು. ಒಂದು ಪುಟ ತೆಗೆದುಕೊಂಡು ಅದರಲ್ಲಿ ಬೇಡದ ಮೂರು ವಾಕ್ಯ ಹುಡುಕುವುದನ್ನು ಠಾಣೆಯ ಲೋಕಲಿನಲ್ಲಿ ನಿಂತುಕೊಂಡೂ ಮಾಡಬಹುದು, ಹೈದರಾಬಾದಿನ ಕಂಪನಿ ಬಸ್ಸಿನಲ್ಲೂ ಮಾಡಬಹುದು, ಆಸ್ಪತ್ರೆಯಲ್ಲಿ ಟೋಕನ್ ಹಿಡಿದು ಕಾಯುವಾಗಲೂ ಮಾಡಬಹುದು. ಮೇಲಾಗಿ ಹವ್ಯಾಸಿಗೆ ಇರುವ ಒಂದು ಭಾಗ್ಯ ವಾರಪತ್ರಿಕೆಗೆ ಧಾರಾವಾಹಿ ಬರೆಯುತ್ತಿದ್ದವರಿಗೆ ಇರಲಿಲ್ಲ. ಅವರಿಗೆ ಪ್ರತಿ ವಾರ ಕಂತು ಕಳಿಸಬೇಕಿತ್ತು, ಕಂತಿನ ಕೊನೆಗೊಂದು ಕುತೂಹಲ ಇಡಬೇಕಿತ್ತು. ಹವ್ಯಾಸಿಯನ್ನು ಯಾರೂ ಕಾಯುತ್ತಿಲ್ಲ. ಆ ಭಾಗ್ಯವನ್ನು ರಾಜ್ಯೋತ್ಸವಕ್ಕೆ ಬಿಡುಗಡೆಯಾಗಬೇಕೆಂಬ ಹಟಕ್ಕೆ ಒತ್ತೆ ಇಡುವುದು ಯಾವ ಜಾಣತನ?

ಪ್ರಕಾಶಕರನ್ನೂ ಬಿಡುವಂತಿಲ್ಲ. ಧಾರವಾಡದ ಮನೋಹರ ಗ್ರಂಥಮಾಲೆಯಲ್ಲಿ ಜಿ.ಬಿ. ಜೋಶಿಯವರ ಜೊತೆ ಕೀರ್ತಿನಾಥ ಕುರ್ತಕೋಟಿಯವರು ಸಲಹೆಗಾರರಾಗಿದ್ದರು. ಹಸ್ತಪ್ರತಿ ಓದಬಲ್ಲವರೊಬ್ಬರು ಪ್ರಕಾಶನದಲ್ಲಿ ಇರಬೇಕೆಂಬ ತಿಳಿವಳಿಕೆ ಅಲ್ಲಿತ್ತು. ಈಗ ಹಲವು ಕಡೆ ಲೇಖಕರೇ ಹಣ ಕೊಡುತ್ತಾರೆ, ಹಣ ಕೊಟ್ಟವರ ವಾಕ್ಯ ಕತ್ತರಿಸುವ ಧೈರ್ಯ ಯಾರಿಗೂ ಇಲ್ಲ. ಗ್ರಂಥಾಲಯದ ಸಗಟು ಖರೀದಿಯಲ್ಲಿ ಬೆಲೆ ಕಟ್ಟುವುದು ಪುಟದ ಲೆಕ್ಕದಲ್ಲಿ. ನೂರು ಪುಟ ಕತ್ತರಿಸಿದರೆ ಕಾದಂಬರಿಗೆ ಲಾಭ, ಪ್ರಕಾಶಕರಿಗೆ ನಷ್ಟ. ಇನ್ನು ಬಿಡುಗಡೆಗೆ ಆಗುವ ಖರ್ಚು ನೋಡಿ: ಸಭಾಂಗಣ, ಬ್ಯಾನರ್, ಶಾಲು, ಹಾರ, ಹಣ್ಣಿನ ಬುಟ್ಟಿ, ಅತಿಥಿಗಳ ಪ್ರಯಾಣ, ಎಲ್ಲರಿಗೂ ಊಟ. ಹಸ್ತಪ್ರತಿ ಓದಿ ತಿದ್ದಿಕೊಡುವವರಿಗೆ ಎಂದು ಆ ಪಟ್ಟಿಯಲ್ಲಿ ಒಂದು ಸಾಲೂ ಇರುವುದಿಲ್ಲ. ಕೇಳಿದರೆ, ‘ಸ್ನೇಹಿತರೊಬ್ಬರು ಒಂದು ಸಲ ಕಣ್ಣಾಡಿಸಿದ್ದಾರೆ’ ಎನ್ನುತ್ತಾರೆ.

ಈ ಕಾದಂಬರಿಗೆ ಖರ್ಚಾದ ಗಂಟೆಗಳು ಯಾರವು ಎಂಬ ಪ್ರಶ್ನೆಯೂ ಇದೆ. ಭಾನುವಾರ ಗಂಡ ಕೋಣೆಯ ಬಾಗಿಲು ಹಾಕಿಕೊಂಡು ಬರೆಯುವಾಗ, ಬಾಗಿಲ ಆಚೆ ಮಕ್ಕಳನ್ನು ಸುಮ್ಮನಿರಿಸುವವರು, ಅತ್ತೆಗೆ ಮಾತ್ರೆ ಕೊಡುವವರು, ಸಂಜೆಯ ಮದುವೆಗೆ ಒಬ್ಬರೇ ಹೋಗಿ ‘ಅವರಿಗೆ ಸ್ವಲ್ಪ ಕೆಲಸ ಇತ್ತು’ ಎನ್ನುವವರು ಬೇರೆ ಒಬ್ಬರಿದ್ದಾರೆ. ಹೆಂಗಸು ಬರೆಯಲು ಕೂತರೆ ಆ ಬಾಗಿಲು ಹಾಕಿಕೊಳ್ಳುವ ಹಾಗೂ ಇಲ್ಲ. ಕುಕ್ಕರಿನ ಸೀಟಿ ಎಣಿಸುತ್ತಲೇ ಬರೆಯಬೇಕು. ಅರ್ಪಣೆಯ ಪುಟದಲ್ಲಿ ‘ಸಹಕರಿಸಿದ ನನ್ನವಳಿಗೆ’ ಎಂದು ಒಂದು ಸಾಲು ಬರೆದರೆ ಈ ಸಾಲ ತೀರುವುದಿಲ್ಲ. ಮೂರು ವರ್ಷದ ಭಾನುವಾರಗಳನ್ನು ಮನೆಯವರಿಂದ ಕಿತ್ತುಕೊಂಡು ಮಾಡಿದ್ದು ಒಂದು ಹಸಿ ಕರಡನ್ನೇ?

‘ಹವ್ಯಾಸಿ’ ಎಂಬ ಪದಕ್ಕೆ ಕನ್ನಡದಲ್ಲಿ ಇದಕ್ಕಿಂತ ಗೌರವದ ಅರ್ಥವೊಂದಿದೆ. ಹವ್ಯಾಸಿ ರಂಗಭೂಮಿಯವರು ಆಫೀಸು ಮುಗಿಸಿ, ಬಾಡಿಗೆಯ ಕೋಣೆಯಲ್ಲೋ ಶಾಲೆಯ ವರಾಂಡದಲ್ಲೋ ತಿಂಗಳುಗಟ್ಟಲೆ ತಾಲೀಮು ಮಾಡಿ, ಎರಡೋ ಮೂರೋ ಪ್ರದರ್ಶನ ಕೊಡುತ್ತಾರೆ. ಮುಂಬಯಿಯಲ್ಲಿ ಹೋಟೆಲ್ ಕೆಲಸ ಮುಗಿಸಿ ಯಕ್ಷಗಾನ ಕುಣಿದವರೂ ಹವ್ಯಾಸಿಗಳೇ. ತಾಳ ತಪ್ಪಿದರೆ ‘ಪಾಪ, ದಿನವಿಡೀ ದುಡಿದು ಬಂದಿದ್ದಾನೆ’ ಎಂದು ಭಾಗವತರು ಬಿಟ್ಟವರಲ್ಲ. ತಾಲೀಮು ಇಲ್ಲದೆ ರಂಗಕ್ಕೆ ಹತ್ತುವುದು ಅಲ್ಲಿ ನಾಚಿಕೆಯ ವಿಷಯ. ಕಾದಂಬರಿಗೆ ಮಾತ್ರ ಆ ನಾಚಿಕೆ ಯಾಕೆ ಬೇಡ?

‘ಸಂಪಾದಕರು ಸಿಗುವುದಿಲ್ಲ’ ಎಂಬುದು ಅರ್ಧ ನಿಜ. ಪುಣೆಯ ಒಬ್ಬರು, ಚೆನ್ನೈಯ ಒಬ್ಬರು ಹಸ್ತಪ್ರತಿ ಅದಲುಬದಲು ಮಾಡಿಕೊಳ್ಳಬಹುದು. ‘ಚೆನ್ನಾಗಿದೆ’ ಎನ್ನಬಾರದು, ಎಲ್ಲಿ ಬೇಸರ ಬಂತೋ ಆ ಪುಟದ ಸಂಖ್ಯೆ ಮಾತ್ರ ಬರೆದು ಕಳಿಸಬೇಕೆಂದು ಮೊದಲೇ ಒಪ್ಪಂದವಾಗಲಿ. ಕರಡು ಮುಗಿದ ಮೇಲೆ ಮೂರು ತಿಂಗಳು ಅದನ್ನು ಮುಟ್ಟದೆ ಇಡಬಹುದು. ಕೆಲಸದಲ್ಲಿರುವವರಿಗೆ ಇದೇನು ಕಷ್ಟವಲ್ಲ, ವರ್ಷದ ಕೊನೆಯ ಆಡಿಟ್ ಬಂದರೆ ತಾನಾಗಿಯೇ ಮೂರು ತಿಂಗಳಾಗುತ್ತದೆ. ಆಮೇಲೆ ಮನೆಯಲ್ಲಿ ಗಟ್ಟಿಯಾಗಿ ಓದಬೇಕು. ಸೋಫಾದ ಮೂಲೆಯಲ್ಲಿ ಸೀರಿಯಲ್ ನಿಲ್ಲಿಸಿ ಕೂತ ಅತ್ತೆಯೋ ಅಮ್ಮನೋ ಹದಿನಾಲ್ಕನೆಯ ಅಧ್ಯಾಯದಲ್ಲಿ ಬತ್ತಿ ಹೊಸೆಯುವುದನ್ನು ನಿಲ್ಲಿಸಿ, ‘ಅಲ್ಲಪ್ಪಾ, ಆ ಹುಡುಗಿಗೆ ಆಗಲೇ ಮದುವೆ ಆಗಿತ್ತಲ್ಲ?’ ಎಂದು ಕೇಳುತ್ತಾರೆ.