ಮಂಗಳೂರು–ದುಬೈ ಮೂರೂವರೆ ಗಂಟೆ, ಆದರೆ ಮನೆ ತಲುಪಲು ಎಷ್ಟು ಹೊತ್ತು?

ಮಂಗಳೂರಿನಿಂದ ದುಬೈಗೆ ನೇರ ದೂರ ಸುಮಾರು 2,450 ಕಿ.ಮೀ. ನೇರ ವಿಮಾನದಲ್ಲಿ ಹೆಚ್ಚು ಕಡಿಮೆ ಮೂರೂವರೆ ಗಂಟೆ. ಉಪ್ಪಳ, ಕುಂಬಳೆ, ಕಾಸರಗೋಡಿನ ಮನೆಗಳಲ್ಲಿ ಇದು ಮಕ್ಕಳಿಗೂ ಗೊತ್ತಿರುವ ಲೆಕ್ಕ. ಆದರೆ ಟಿಕೆಟ್ ತೆಗೆಯುವಾಗ ಈ ಲೆಕ್ಕ ಒಂದೇ ಸಾಕಾಗುವುದಿಲ್ಲ.

ಮೊದಲು ಗಡಿಯಾರದ ವಿಷಯ. ನಮ್ಮ ಸಮಯ ಯುಎಇಗಿಂತ ಒಂದೂವರೆ ಗಂಟೆ ಮುಂದೆ. ಬೆಳಗ್ಗೆ 9ಕ್ಕೆ ಮಂಗಳೂರು ಬಿಟ್ಟರೆ ಅಲ್ಲಿನ 11ಕ್ಕೆ ಇಳಿಯುತ್ತೇವೆ, ಟಿಕೆಟಲ್ಲಿ ನೋಡಿದ್ರೆ ಎರಡೇ ಗಂಟೆ. ಅಲ್ಲಿಂದ 9ಕ್ಕೆ ಹೊರಟರೆ ಇಲ್ಲಿ ಮಧ್ಯಾಹ್ನ 2ರ ಹತ್ತಿರ, ಐದು ಗಂಟೆ ಆದ ಹಾಗೆ ಕಾಣುತ್ತದೆ. ಎರಡೂ ನಿಜವಾದ ಹಾರಾಟದ ಸಮಯ ಅಲ್ಲ.

ದೂರ ಕಡಿಮೆಯಾದರೆ ಸಮಯವೂ ಕಡಿಮೆ ಅನ್ನುವುದೂ ಯಾವಾಗಲೂ ಸರಿಯಲ್ಲ. ದುಬೈಗೆ ದೆಹಲಿ ಮಂಗಳೂರಿಗಿಂತ ಹತ್ತಿರ, ಸುಮಾರು 2,200 ಕಿ.ಮೀ. ಆದರೆ 2025ರ ಎಪ್ರಿಲ್‌ನಲ್ಲಿ ಪಾಕಿಸ್ತಾನ ತನ್ನ ವಾಯುಪ್ರದೇಶವನ್ನು ಭಾರತದ ವಿಮಾನಗಳಿಗೆ ಮುಚ್ಚಿದಾಗ ದೆಹಲಿಯವರು ಸುತ್ತು ಹಾಕಬೇಕಾಯಿತು. ನಮ್ಮ ದಾರಿ ಅರಬ್ಬಿ ಸಮುದ್ರದ ಮೇಲೆ, ಅದಕ್ಕೆ ಏನೂ ಆಗಲಿಲ್ಲ.

ಇನ್ನು ಮನೆಯಿಂದ ಮನೆಗೆ ಲೆಕ್ಕ ಹಾಕಿ. ಕಾಸರಗೋಡಿನಿಂದ ಬಜ್ಪೆಗೆ ಒಂದೂವರೆ–ಎರಡು ಗಂಟೆ, ಮೂರು ಗಂಟೆ ಮೊದಲೇ ನಿಲ್ದಾಣದಲ್ಲಿರಬೇಕು, ಹಾರಾಟ ಮೂರೂವರೆ, ಇಳಿದು ಹೊರಬರಲು ಒಂದು ಗಂಟೆ. ಒಟ್ಟು ಒಂಬತ್ತು–ಹತ್ತು ಗಂಟೆ. ಮಟ್ಟನ್ನೂರಿನ ಕಣ್ಣೂರು ನಿಲ್ದಾಣ ಇನ್ನೂ ದೂರ. ಅಲ್ಲಿಂದ ಟಿಕೆಟ್ ಒಂದೆರಡು ಸಾವಿರ ಕಡಿಮೆಗೆ ಸಿಕ್ಕಿದರೂ ಕಾರು ಬಾಡಿಗೆ ಸೇರಿಸಿ ನೋಡಿ, ಉಳಿತಾಯ ಅಲ್ಲಿಗಲ್ಲಿಗೆ.

ದರದ ಕಥೆ ಬೇರೆಯೇ. ಫೆಬ್ರವರಿಯಲ್ಲೂ ಜುಲೈಯಲ್ಲೂ ದೂರ ಅದೇ, ಹೆಚ್ಚು ಕಡಿಮೆ ಅಷ್ಟೇ ಇಂಧನ. ಆದರೆ ಗಲ್ಫ್ ಶಾಲೆಗಳಿಗೆ ರಜೆ ಬಂದಾಗ, ಪೆರ್ನಾಳ್ ಹತ್ತಿರವಾದಾಗ ದರ ಎರಡು ಮೂರು ಪಟ್ಟು ಏರುತ್ತದೆ. ವ್ಯಾಪಾರದಲ್ಲಿ ಇದು ಸಾದಾ ಪಾಠ: ಸರಕು ಕಡಿಮೆ, ಗಿರಾಕಿ ಜಾಸ್ತಿ. ಇಲ್ಲಿ ಸರಕು ಅಂದ್ರೆ ಸೀಟು. ಎರಡು ದೇಶಗಳ ಒಪ್ಪಂದದಲ್ಲಿ ಸೀಟುಗಳಿಗೆ ಮಿತಿ ಇದೆ. ಕೋಝಿಕ್ಕೋಡಿಗೆ ಗಲ್ಫಿನ ವಿಮಾನ ಸಂಸ್ಥೆಗಳು ಹಾರುತ್ತವೆ. ಮಂಗಳೂರು, ಕಣ್ಣೂರು ಎರಡಕ್ಕೂ ಆ ಅವಕಾಶ ಸಿಕ್ಕಿಲ್ಲ. ಕಾಸರಗೋಡು ಇರುವುದು ಸರಿಯಾಗಿ ಈ ಎರಡರ ಮಧ್ಯೆ.

ಇದರ ನೋವು ಗೊತ್ತಾಗುವುದು ಊರಿನಿಂದ ಮರಣದ ಸುದ್ದಿ ಹೋದಾಗ. ನಮ್ಮಲ್ಲಿ ಮಯ್ಯತ್ತನ್ನು ಹೆಚ್ಚು ಹೊತ್ತು ಇಡುವುದಿಲ್ಲ. ಆ ದಿನದ ನೇರ ವಿಮಾನದಲ್ಲಿ ಸೀಟಿಲ್ಲದಿದ್ದರೆ ಮುಂಬೈಯಲ್ಲಿ ವಿಮಾನ ಬದಲಿಸಿ ಬರುವ ಮಗನಿಗೆ ತಂದೆಯ ಮುಖ ನೋಡಲು ಸಿಗದು. ಮೂರೂವರೆ ಗಂಟೆಯ ದೂರ ಅವನಿಗೆ ಒಂದು ದಿನದ ದೂರ.

ಹಾಗಾಗಿ ಕಾಸರಗೋಡು ಮತ್ತು ದಕ್ಷಿಣ ಕನ್ನಡದ ಸಂಸದರು ಒಟ್ಟಿಗೆ ಕೇಳಬೇಕಾದ್ದು ಹೆಚ್ಚುವರಿ ಸೀಟು. ಚುನಾವಣೆಗೆ ಮತ ಕೇಳಿಕೊಂಡು ಗಲ್ಫಿನವರ ಮನೆಗೆ ಬರುವವರ ಮುಂದೆ ಯುವಕರು ಇಡಬೇಕಾದ ಲೆಕ್ಕವೂ ಇದೇ.