ಎಂಜಿನ್ ಬಿಚ್ಚುವ ಕೈಗೆ ಒಂದು ಚೀಟಿ ಬರೆಯುವುದು ಭಾರವೇ?



ಡಿಸೆಂಬರ್ 24 ಬಂತೆಂದರೆ ರಾಷ್ಟ್ರೀಯ ಗ್ರಾಹಕರ ದಿನದ ಸಭೆಗಳ ಸುದ್ದಿ ಪತ್ರಿಕೆಗಳ ಜಿಲ್ಲಾ ಪುಟಗಳಲ್ಲಿ ಬರುತ್ತದೆ. ಗ್ರಾಹಕರು ಎಚ್ಚೆತ್ತುಕೊಳ್ಳಬೇಕು, ಬಿಲ್ ಕೇಳಿ ಪಡೆಯಬೇಕು ಎಂದು ವೇದಿಕೆ ಮೇಲಿನವರು ಹೇಳುತ್ತಾರೆ. ಬಂಗಾರದ ಹಾಲ್‌ಮಾರ್ಕ್, ಪೊಟ್ಟಣದ ಮೇಲಿನ ಬೆಲೆ, ತೂಕದ ಮೋಸ ಇವುಗಳ ಮಾತು ಆಗುತ್ತದೆ. ಗ್ಯಾರೇಜಿನ ಮಾತು ಎತ್ತಿದವರನ್ನು ನಾನು ಕಂಡಿಲ್ಲ. ಎಚ್ಚರ ಬರೀ ದುಡ್ಡು ಕೊಡುವವನಿಗೇ ಯಾಕೆ ಇರಬೇಕು, ಬಿಲ್ ಕೊಡಬೇಕಾದವನನ್ನು ಯಾರೂ ಯಾಕೆ ಕೇಳುವುದಿಲ್ಲ ಎಂಬುದೇ ನನ್ನ ತಕರಾರು. ಅದಕ್ಕಾಗಿ ಈ ಪತ್ರ.

ನಾನು ಗಜೇಂದ್ರಗಡ ತಾಲೂಕಿನ ಮುಶಿಗೇರಿಯವನು. ಒಂದಿಷ್ಟು ಎರಿ ಹೊಲ, ಜೊತೆಗೆ ಬಾಡಿಗೆಗೆ ಓಡುವ ಒಂದು ಪಿಕ್‌ಅಪ್ ಗಾಡಿ. ಚಾಲಕನೂ ನಾನೇ, ಮಾಲೀಕನೂ ನಾನೇ. ಹೆಸರು, ಉಳ್ಳಾಗಡ್ಡಿ, ಮೆಣಸಿನಕಾಯಿ, ಕಡಲೆ ಹೀಗೆ ಯಾವ ಸುಗ್ಗಿ ಇದೆಯೋ ಅದನ್ನು ಹೇರಿಕೊಂಡು ಗದಗ ಎಪಿಎಂಸಿಗೋ ಹುಬ್ಬಳ್ಳಿಗೋ ಹೋಗಿ ಬರುವುದು ನನ್ನ ಉದ್ಯೋಗ. ಸಾಲದ ಕಂತು ಇನ್ನೂ ಮುಗಿದಿಲ್ಲ.

ಕಳೆದ ಮುಂಗಾರಿನಲ್ಲಿ, ಹೆಸರಿನ ರಾಶಿಗೆ ಮುಂಚೆ, ರೇಡಿಯೇಟರಿನ ಪೈಪ್ ಒಡೆದು ನೀರು ಸೋರಿ ಎಂಜಿನ್ ಕಾಯಿತು. ಹತ್ತಿರದ ಪಟ್ಟಣದ ಗ್ಯಾರೇಜೊಂದಕ್ಕೆ ಎಳೆಸಿಕೊಂಡು ಹೋದೆ. ಹೆಡ್ ಗ್ಯಾಸ್ಕೆಟ್ ಹೋಗಿದೆ ಎಂದರು. ನಾಲ್ಕು ದಿನ ಇಟ್ಟುಕೊಂಡು 38 ಸಾವಿರ ರೂಪಾಯಿ ತೆಗೆದುಕೊಂಡರು. ಅರ್ಧ ರೊಕ್ಕ ಕೈಯಲ್ಲಿ, ಅರ್ಧ ಫೋನ್‌ಪೇಯಲ್ಲಿ ಕೊಟ್ಟೆ. ಏನೇನು ಹಾಕಿದಿರಿ, ಒಂದು ಕಾಗದದಲ್ಲಿ ಬರೆದು ಕೊಡಿ ಎಂದು ಕೇಳಿದ್ದೂ ಉಂಟು. ‘ಕಾಗದ ಎದಕ್ರೀ ಅಣ್ಣಾ, ನಾ ಎಲ್ಲಿ ಓಡಿ ಹೋಗ್ತೇನಿ? ಏನರ ಆದ್ರ ಒಂದ್ ಫೋನ್ ಹಚ್ಚರಿ’ ಎಂದರು ಮೇಸ್ತ್ರಿ. ಪರಿಚಯದವರು, ಮತ್ತೆ ಮತ್ತೆ ಕೇಳಿದರೆ ಮನಸ್ಸಿಗೆ ಹಚ್ಚಿಕೊಂಡಾರು ಎಂದು ಸುಮ್ಮನಾದೆ.

ಆರನೆಯ ದಿನ ಊರಿನ ಮೂವರ ಹೆಸರುಕಾಳು ಹೇರಿಕೊಂಡು ಹೊರಟೆ. 50 ಕೆಜಿಯ 24 ಚೀಲ, ಅಂದರೆ 12 ಕ್ವಿಂಟಲ್. ಆರ್‌ಸಿಯಲ್ಲಿ ಬರೆದ ಭಾರಕ್ಕಿಂತ ಕಡಿಮೆಯೇ. ನರೇಗಲ್ ದಾಟಿದ ಮೇಲೆ ಕಾವಿನ ಮುಳ್ಳು ಮೇಲೇರಿತು, ಹಿಂದೆ ಬಿಳಿ ಹೊಗೆ ಕಾಣಿಸಿತು. ಬದಿಗೆ ನಿಲ್ಲಿಸಿ, ಆರಲು ಬಿಟ್ಟು, ಆಯಿಲ್ ಹಾಕುವ ಬಾಯಿಯ ಮುಚ್ಚಳ ತಿರುಗಿಸಿ ನೋಡಿದೆ. ಮುಚ್ಚಳದ ಒಳಮೈಗೆ ಹಾಲು ಹೆಚ್ಚಾದ ಚಹಾದ ಬಣ್ಣದ ಕೆನೆ ಮೆತ್ತಿತ್ತು. ಬೆರಳಲ್ಲಿ ತೆಗೆದರೆ ಜಿಗಿ ಇಲ್ಲ, ನೀರು ನೀರು. ಗಾಡಿ ಓಡಿಸುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಎಂಜಿನ್ನಿನ ಆಯಿಲ್ಲಿಗೆ ನೀರು ಸೇರಿತ್ತು. ಸಂಜೆ ಮಳೆ ಹಿಡಿಯಿತು. ತಾಡಪತ್ರಿ ಹೊದಿಸಿ ರಾತ್ರಿಯೆಲ್ಲ ಕಾದರೂ ಕೆಳಗಿನ ಸಾಲಿನ ಚೀಲಗಳು ತೊಯ್ದವು. ಬೇರೆ ಗಾಡಿ ಮಾಡಿ ಮರುದಿನ ಪೇಟೆಗೆ ಮುಟ್ಟಿಸಿದಾಗ ಹಸಿ ಕಾಳಿಗೆ ದರ ಕಡಿಮೆ ಕಟ್ಟಿದರು. ಆ ಮೂರು ಮನೆಯವರು ನನಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೇ ಹಗುರಾಗುತ್ತಿತ್ತೇನೋ.

ಗಾಡಿಯನ್ನು ಹುಬ್ಬಳ್ಳಿಗೆ ಒಯ್ದೆ. ಅಲ್ಲಿಯ ಮೇಸ್ತ್ರಿ ಹೆಡ್ ಬಿಚ್ಚಿ ಬಟ್ಟೆಯಿಂದ ಒರೆಸಿ, ಅದರ ಮೇಲೆ ಉಕ್ಕಿನ ನೇರ ಪಟ್ಟಿಯನ್ನು ಅಡ್ಡಡ್ಡ ಇಟ್ಟರು. ಪಟ್ಟಿಯ ಕೆಳಗೆ ಕಾಗದದಂಥ ತೆಳು ತಗಡನ್ನು, ಅವರು ಫೀಲರ್ ಗೇಜ್ ಅನ್ನುತ್ತಾರೆ, ತೂರಿಸಿದರು. ನಡುವೆ ತಗಡು ಸಲೀಸಾಗಿ ಒಳಗೆ ಹೋಯಿತು. ‘ಇಲ್ನೋಡ್ರಿ, ಹೆಡ್ ಡೊಂಕಾಗೇತಿ. ಇದನ್ನ ಫೇಸಿಂಗ್ ಮಾಡಸ್ದನ ಹೊಸಾ ಗ್ಯಾಸ್ಕೆಟ್ ಕುಂದ್ರಿಸ್ಯಾರ’ ಎಂದರು. ಕಾದ ಹೆಡ್ ಡೊಂಕಾಗುವುದು ಸಾಮಾನ್ಯ. ಅದರ ಮೈಯನ್ನು ಮಟ್ಟ ಮಾಡುವುದಕ್ಕೆ ಫೇಸಿಂಗ್ ಅನ್ನುತ್ತಾರೆ. ಮಟ್ಟ ನೋಡದೆ ಮೇಲೆ ಎಂಥ ಗ್ಯಾಸ್ಕೆಟ್ ಇಟ್ಟರೂ ಅದು ಬೆಂಕಿ, ನೀರು, ಆಯಿಲ್ ಮೂರನ್ನೂ ಬೇರೆ ಬೇರೆ ಹಿಡಿದಿಡಲಾರದು. ಬೋಲ್ಟುಗಳನ್ನು ನಡುವಿನಿಂದ ಹೊರಗಡೆಗೆ, ಕಂಪನಿ ಹೇಳಿದ ಅಳತೆಗೆ ಟಾರ್ಕ್ ಪಾನಾದಲ್ಲೇ ಬಿಗಿಯಬೇಕು. ಮೊದಲ ಗ್ಯಾರೇಜಿನಲ್ಲಿ ಪಾನಾದ ಹಿಡಿಕೆಗೆ ಪೈಪ್ ಸಿಕ್ಕಿಸಿ, ತೋಳಿನ ಜೋರಿನ ಮೇಲೆ ಬಿಗಿದದ್ದನ್ನು ನಾನೇ ನಿಂತು ನೋಡಿದ್ದೆ. ಆಗ ಅದು ತಪ್ಪು ಎಂದು ನನಗೆ ಗೊತ್ತಿರಲಿಲ್ಲ. ನೀರು ಬೆರೆತ ಆಯಿಲ್ಲಿನಲ್ಲಿ ಓಡಿ ಕ್ರ್ಯಾಂಕಿನ ಬೇರಿಂಗುಗಳೂ ಉಜ್ಜಿ ಹೋಗಿದ್ದವು. ಎರಡನೆಯ ಖರ್ಚು 72 ಸಾವಿರ.

ಮೊದಲಿನವರ ಹತ್ತಿರ ಹೋಗಿ ಕೇಳಿದೆ. ‘ನೀವು ಲೋಡ್ ಜಾಸ್ತಿ ಹಾಕೀರಿ, ನೀರ್ ನೋಡದ ಹೊಡದೀರಿ. ನಾ ಮಾಡಿದ ಕೆಲಸ ಬರೋಬರಿ ಐತಿ.’ ಅಲ್ಲಿಗೆ ಮುಗಿಯಿತು. ಏನು ಕೆಲಸ ಮಾಡಿದರು, ಯಾವ ಸಾಮಾನು ಹಾಕಿದರು, ಎಷ್ಟು ದಿನದ ಭರವಸೆ ಕೊಟ್ಟರು, ಯಾವುದಕ್ಕೂ ನನ್ನ ಹತ್ತಿರ ಒಂದು ಸಾಲಿನ ಬರಹ ಇರಲಿಲ್ಲ. ಫೋನ್‌ಪೇ ಸಂದೇಶ ರೊಕ್ಕ ಹೋದದ್ದನ್ನು ಹೇಳುತ್ತದೆ, ಹೆಡ್ ಫೇಸಿಂಗ್ ಆಯಿತೋ ಇಲ್ಲವೋ ಹೇಳುವುದಿಲ್ಲ.

ಬಾಡಿಗೆ ಗಾಡಿಯವರು ಗ್ರಾಹಕರಲ್ಲ, ನಿಮಗೆ ಗ್ರಾಹಕರ ಕೋರ್ಟು ಇಲ್ಲ ಎಂದು ನನಗೆ ನಾಲ್ಕು ಜನ ಹೇಳಿದರು. ಇದು ತಪ್ಪು, ಚಾಲಕ ಬಂಧುಗಳೆಲ್ಲ ತಿಳಿದಿರಲಿ ಎಂದೇ ಬರೆಯುತ್ತಿದ್ದೇನೆ. 2020ರ ಜುಲೈ 20ರಿಂದ ಜಾರಿಗೆ ಬಂದಿರುವ ಗ್ರಾಹಕರ ಸಂರಕ್ಷಣಾ ಕಾಯ್ದೆ, 2019ರ ಪ್ರಕಾರ ಸ್ವಯಂ ಉದ್ಯೋಗದಿಂದ ಹೊಟ್ಟೆ ಹೊರೆಯಲು ವಸ್ತು ಕೊಂಡು ಬಳಸುವವನೂ ಗ್ರಾಹಕನೇ. ತನ್ನ ಗಾಡಿ ತಾನೇ ಓಡಿಸಿ ಬದುಕುವವನು ಇದರೊಳಗೆ ಬರುತ್ತಾನೆ. ಗ್ಯಾರೇಜ್ ಎಲ್ಲೇ ಇರಲಿ, ನಾವು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು, ನಮಗೆ ಅದು ಗದಗ. ಎರಡು ವರ್ಷದ ಅವಧಿ ಇದೆ. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರನ್ನು ಇಡಲೇಬೇಕೆಂದಿಲ್ಲ. 1915 ಸಹಾಯವಾಣಿಯೂ ಇದೆ.

ಇನ್ನೂ ಮುಖ್ಯವಾದ ಮಾತೊಂದು ಅದೇ ಕಾಯ್ದೆಯಲ್ಲಿದೆ. ಸೇವೆ ಕೊಟ್ಟು ಬಿಲ್ ಕೊಡದಿರುವುದೇ ಅನುಚಿತ ವ್ಯಾಪಾರ ಪದ್ಧತಿ ಎಂದು ಅದು ಹೇಳುತ್ತದೆ. ಬಿಲ್ಲಿನಲ್ಲಿ ಅವಧಿ ಬರೆದಿರದಿದ್ದರೆ, ಕೆಟ್ಟ ಕೆಲಸದ ಹಣವನ್ನು 30 ದಿನದೊಳಗೆ ಹಿಂದಿರುಗಿಸಲು ನಿರಾಕರಿಸುವುದೂ ಅದೇ ಸಾಲಿಗೆ ಸೇರುತ್ತದೆ. ಬಿಲ್ಲಿಗೆ ಕ್ರಮಸಂಖ್ಯೆ, ದಿನಾಂಕ, ಗ್ರಾಹಕನ ಹೆಸರು, ವಿವರ, ಮೊತ್ತ, ಸಹಿ ಇರಬೇಕೆಂದು ನಿಯಮ ಇದೆ. ಅಂದರೆ ಬಿಲ್ ಕೊಡುವುದು ಮೇಸ್ತ್ರಿ ಮಾಡುವ ಉಪಕಾರವಲ್ಲ. ಆದರೂ ಯಾವ ಬಾಗಿಲಿಗೆ ಹೋದರೂ ಮೊದಲ ಪ್ರಶ್ನೆ ನನಗೇ ಬರುತ್ತದೆ, ‘ಬಿಲ್ ಎಲ್ಲಿದೆ?’ ಎಂದು. ಅವರನ್ನು ಯಾಕೆ ಕೇಳುವುದಿಲ್ಲ?

ನನ್ನ ಹೆಸರುಕಾಳು ತೂಗುವ ತಕ್ಕಡಿಗೆ ಕಾನೂನು ಮಾಪನ ಇಲಾಖೆಯ ಮುದ್ರೆ ಬೇಕು. ಡೀಸೆಲ್ ಹಾಕುವ ಪಂಪಿಗೂ ಮುದ್ರೆ ಬೇಕು. ನನ್ನ ಗಾಡಿಗೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಎಫ್‌ಸಿ ಆಗಬೇಕು, ವಿಮೆ ಇರಬೇಕು, ಹೊಗೆ ತಪಾಸಣೆಯ ಚೀಟಿ ಇರಬೇಕು. ದಾರಿಯಲ್ಲಿ ಒಂದಿಲ್ಲದಿದ್ದರೂ ದಂಡ. ಇವೆಲ್ಲ ಇರಲಿ, ಬೇಡ ಅನ್ನುವುದಿಲ್ಲ. ಆದರೆ ಅದೇ ಗಾಡಿಯ ಎಂಜಿನ್ ಬಿಚ್ಚುವವನ ಹತ್ತಿರ ಒಂದು ಬಿಲ್ ಪುಸ್ತಕ ಇದೆಯೇ ಎಂದು ವರ್ಷಕ್ಕೊಮ್ಮೆ ನೋಡುವವರು ಇಲ್ಲ.

ಮೇಸ್ತ್ರಿಗಳ ಮೇಲೆ ನನಗೆ ದ್ವೇಷವಿಲ್ಲ. ಹತ್ತು ಹನ್ನೆರಡು ವರ್ಷದ ಹುಡುಗರಾಗಿದ್ದಾಗ ಪಾನಾ ತೊಳೆಯಲು ಸೇರಿ, ಗುರುವಿನ ಕೈ ನೋಡಿ ಕಲಿತವರೇ ನಮ್ಮ ಕಡೆ ಹೆಚ್ಚು. ಸುಗ್ಗಿಯಲ್ಲಿ ನಡುರಾತ್ರಿ ಫೋನ್ ಮಾಡಿದರೂ ಎದ್ದು ಬಂದು ಹೊಲದ ದಾರಿಯಲ್ಲಿ ಮಣ್ಣಿನ ಮೇಲೆ ಮಲಗಿ ರಿಪೇರಿ ಮಾಡಿಕೊಟ್ಟವರಿದ್ದಾರೆ, ಆ ಋಣ ನಾನು ಮರೆತಿಲ್ಲ. ಆದರೆ ಅವರು ಕಲಿತ ಎಂಜಿನ್ ಬೇರೆ, ಈಗಿನದು ಬೇರೆ. 2020ರ ಏಪ್ರಿಲ್ 1ರ ನಂತರ ಬಂದ ಬಿಎಸ್ 6 ಗಾಡಿಗಳಲ್ಲಿ ಸೆನ್ಸರು, ಹೊಗೆ ಸೋಸುವ ಫಿಲ್ಟರು ಸೇರಿವೆ. ಕಿವಿಗೊಟ್ಟು ಕೇಳಿ, ಕೈಯಿಟ್ಟು ನೋಡಿ ದೋಷ ಹಿಡಿಯುವ ಕಾಲ ಮುಗಿಯುತ್ತ ಬಂದಿದೆ. ಅಂಬೇಡ್ಕರ್ ಕಾರ್ಮಿಕ ಸಹಾಯ ಹಸ್ತ ಯೋಜನೆಯಲ್ಲಿ ಮೆಕ್ಯಾನಿಕ್‌ಗಳನ್ನೂ ನೋಂದಾಯಿಸಿ ಗುರುತಿನ ಚೀಟಿ ಕೊಡುವ ಸರ್ಕಾರಕ್ಕೆ ಅವರ ಕೈಗೆ ಟಾರ್ಕ್ ಪಾನಾ ಕೊಟ್ಟು ಹತ್ತು ದಿನ ಕಲಿಸುವುದು ಅಸಾಧ್ಯವೇನಲ್ಲ. ಟಾಟಾ ಟೆಕ್ನಾಲಜೀಸ್ ಜೊತೆಗೂಡಿ ರಾಜ್ಯದ 150 ಸರ್ಕಾರಿ ಐಟಿಐಗಳನ್ನು ಮೇಲ್ದರ್ಜೆಗೆ ಏರಿಸಲಾಗಿದೆ. ಅಂಥ ಕಡೆಯ ಯಂತ್ರಗಳನ್ನು ದುಡಿಯುವ ಮೇಸ್ತ್ರಿಗಳಿಗೂ ತೆರೆಯಲಿ. ಅಮಾವಾಸ್ಯೆಗೆ ಗ್ಯಾರೇಜುಗಳು ಹೇಗೂ ಬಾಗಿಲು ಹಾಕಿರುತ್ತವೆ, ಆ ದಿನ ತರಗತಿ ಇಟ್ಟರೆ ಯಾರ ದುಡಿಮೆಯೂ ಕೆಡುವುದಿಲ್ಲ.

ಗಜೇಂದ್ರಗಡ ಮತ್ತು ರೋಣದ ಪುರಸಭೆ, ನರೇಗಲ್ ಪಟ್ಟಣ ಪಂಚಾಯಿತಿ, ನಮ್ಮ ಗ್ರಾಮ ಪಂಚಾಯಿತಿಗಳಿಗೆ ನನ್ನ ಬೇಡಿಕೆ ಇಷ್ಟೇ: ಗ್ಯಾರೇಜುಗಳ ವ್ಯಾಪಾರ ಪರವಾನಗಿ ಕೊಡುವಾಗ, ನವೀಕರಿಸುವಾಗ ನಂಬರ್ ಇರುವ ಬಿಲ್ ಪುಸ್ತಕ ತೋರಿಸಲು ಹೇಳಿ. ಎಂಜಿನ್ ಬಿಚ್ಚುವ ಮೊದಲು ಅಂದಾಜು ಖರ್ಚು, ಮುಗಿದ ಮೇಲೆ ಮಾಡಿದ ಕೆಲಸ, ಹಾಕಿದ ಸಾಮಾನು, ಎಷ್ಟು ದಿನದ ಹೊಣೆ ಇವನ್ನು ಕನ್ನಡದಲ್ಲಿ ಬರೆದು ಕೊಡಲಿ. ಪ್ರಾಮಾಣಿಕ ಮೇಸ್ತ್ರಿಗೂ ಇದೇ ರಕ್ಷಣೆ. ಓವರ್‌ಲೋಡ್ ಹಾಕಿ ಎಂಜಿನ್ ಸುಟ್ಟುಕೊಂಡು ಅವನ ಮೇಲೆ ಹೊರಿಸುವ ಮಾಲೀಕರೂ ನಮ್ಮಲ್ಲಿ ಇದ್ದಾರೆ.

ಪಿಕ್‌ಅಪ್, ಟ್ರ್ಯಾಕ್ಟರ್, ಟಂಟಂ ಓಡಿಸುವ ಬಂಧುಗಳೇ, ಹಿಂಗಾರಿ ಸುಗ್ಗಿ ಬರುವ ಮೊದಲು ಗಾಡಿ ಗ್ಯಾರೇಜಿಗೆ ಬಿಡುವವರಿದ್ದರೆ ಸಂಕೋಚ ಬಿಡಿ. ಚೀಟಿ ಬರೆಸಿಕೊಳ್ಳಿ, ತೆಗೆದ ಹಳೆಯ ಸಾಮಾನು ವಾಪಸ್ ಕೇಳಿ, ಹೆಡ್ ಬಿಚ್ಚಿದಾಗ ಫೋನಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ಪರಿಚಯದ ಮೇಸ್ತ್ರಿ ಬೇಸರ ಮಾಡಿಕೊಂಡರೂ ಪರವಾಗಿಲ್ಲ, ಕೇಳಿ.

ಇಂತಿ,
ಒಬ್ಬ ಪಿಕ್‌ಅಪ್ ಗಾಡಿ ಮಾಲೀಕ
ಮುಶಿಗೇರಿ, ಗಜೇಂದ್ರಗಡ ತಾಲೂಕು, ಗದಗ ಜಿಲ್ಲೆ